ಶಿರಸಿಯೋ, ಸಾಗರವೋ, ತೀರ್ಥಹಳ್ಳಿಯೋ: ಮಲೆನಾಡು ಸುತ್ತೋಕೆ ಬ್ಯಾಗ್ ಎಲ್ಲಿಡೋದು?

ಜೋಗ ನೋಡೋಕೆ ಹೊರಟವರು ಜೋಗದಲ್ಲೇ ರೂಮ್ ಹುಡುಕುತ್ತಾರೆ. ಆಗುಂಬೆಗೆ ಹೊರಟವರು ಆಗುಂಬೆಯಲ್ಲೇ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಜಲಪಾತ ನೋಡಿ ಮುಗಿದಿದ್ದು ಒಂದೂವರೆ ಗಂಟೆಯಲ್ಲಿ. ಕತ್ತಲಾಗುತ್ತಿದ್ದಂತೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ರೂಮಿನವರು ಕೊಟ್ಟಿದ್ದೇ ಊಟ. ರಾತ್ರಿ ಎಂಟಕ್ಕೆ ಮಾಡೋಕೆ ಕೆಲಸವಿಲ್ಲದೆ ಫೋನ್ ನೋಡುತ್ತಾ ಕೂತಿದ್ದೆ. ಅದನ್ನು ಬೆಂಗಳೂರಿನಲ್ಲೇ ಮಾಡಬಹುದಿತ್ತು, ಅಲ್ವಾ? ಮಾರನೇ ದಿನ ಬೇರೆ ಎಲ್ಲಿಗೆ ಹೋಗಬೇಕಾದರೂ ಮೊದಲು ಪೇಟೆಗೇ ಬರಬೇಕಾಯ್ತು. ಬಸ್ಸೆಲ್ಲ ಹೊರಡೋದು ಅಲ್ಲಿಂದಲೇ.

ಆಮೇಲಿಂದ ನಾನು ಉಳಿಯೋದು ಪೇಟೆಯಲ್ಲಿ. ಅಡಿಕೆ ಮಂಡಿ, ಬಸ್ ಸ್ಟ್ಯಾಂಡ್, ನಾಲ್ಕು ಹೋಟೆಲ್ಲು, ಒಂದು ಮೆಡಿಕಲ್ ಶಾಪು, ಸಂಜೆ ಅಡ್ಡಾಡೋಕೆ ಒಂದು ಬೀದಿ. ಇಷ್ಟಿದ್ದರೆ ಸಾಕು. ಬೆಳಿಗ್ಗೆ ಹೊರಡಿ, ಸಂಜೆ ವಾಪಸ್ ಬನ್ನಿ.

ಯಾವ ಪೇಟೆ ಅನ್ನೋದು ಮುಂದಿನ ಪ್ರಶ್ನೆ. ಪಶ್ಚಿಮ ಘಟ್ಟದ ಮೇಲಿರುವ ಮೂರು ಊರುಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಉತ್ತರ ಕನ್ನಡದ ಶಿರಸಿ, ಶಿವಮೊಗ್ಗ ಜಿಲ್ಲೆಯ ಸಾಗರ ಮತ್ತು ತೀರ್ಥಹಳ್ಳಿ. ಮೂರೂ ಅಡಿಕೆಯ ಮೇಲೆ ಬದುಕುವ ಊರುಗಳು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಎರಡು ರಾತ್ರಿ ಉಳಿದರೆ ಗೊತ್ತಾಗುತ್ತೆ, ಒಂದರ ಹಾಗೆ ಇನ್ನೊಂದಿಲ್ಲ.

ಎಲ್ಲರೂ ಮಾಡೋದು ಮ್ಯಾಪ್ ತೆಗೆದು ಪ್ರೇಕ್ಷಣೀಯ ಸ್ಥಳಗಳ ನಡುಮಧ್ಯೆ ಇರೋ ಊರನ್ನು ಆರಿಸೋದು. ಅದು ಬೇಡ. ಎರಡೇ ವಿಷಯ ನೋಡಿ. ಒಂದು, ನೀವು ಹೋಗುವ ಹಳ್ಳಿಯಿಂದ ವಾಪಸ್ ಬರೋ ಕಡೇ ಬಸ್ ಎಷ್ಟೊತ್ತಿಗೆ. ಎರಡು, ಸಂಜೆ ಐದರ ಮೇಲೆ ಆ ಊರಲ್ಲಿ ನಿಮಗೆ ಏನಿದೆ. ಜಾಗ ನೋಡೋದು ದಿನಕ್ಕೆ ಐದಾರು ಗಂಟೆ. ಉಳಿದ ಹೊತ್ತೆಲ್ಲ ನೀವು ಇರೋದು ಪೇಟೆಯಲ್ಲೇ.

ಸಾಗರ: ಕಾರಿಲ್ಲದವರ ಊರು

ಮೂರರಲ್ಲಿ ರೈಲು ಬರೋದು ಸಾಗರಕ್ಕೆ ಮಾತ್ರ. ಬೆಂಗಳೂರಿನಲ್ಲಿ ರಾತ್ರಿ ತಾಳಗುಪ್ಪ ಗಾಡಿ ಹತ್ತಿ ಮಲಗಿದರೆ ಬೆಳಿಗ್ಗೆ ಸಾಗರ. ಮೈಸೂರಿನಿಂದಲೂ ಗಾಡಿ ಇದೆ. ಟಿಕೆಟ್ ಮಾಡುವಾಗ ಒಂದು ಎಚ್ಚರಿಕೆ: ಸುಮ್ನೆ 'ಸಾಗರ' ಅಂತ ಹುಡುಕಿದರೆ ಮಧ್ಯಪ್ರದೇಶದ ಸಾಗರ ಬಂದು ಕೂರುತ್ತೆ. ನಮ್ಮ ಸ್ಟೇಷನ್ನಿನ ಹೆಸರು 'ಸಾಗರ ಜಂಬಗಾರು'. ತಾಳಗುಪ್ಪ ಕೊನೇ ಸ್ಟೇಷನ್. ಜೋಗಕ್ಕೆ ಅದು ಇನ್ನೂ ಹತ್ತಿರ, ಆದರೆ ಉಳಿಯೋಕೆ ಆಗೋ ಊರಲ್ಲ.

ಸಾಗರದಿಂದ ಜೋಗಕ್ಕೆ ಸುಮಾರು 30 ಕಿ.ಮೀ. ಬಸ್ಸುಗಳಿಗೆ ಬರವಿಲ್ಲ. ಜೋಗದ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ: 253 ಮೀಟರ್, ರಾಜ, ರಾಣಿ, ರೋರರ್, ರಾಕೆಟ್. ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆಮೇಲಿಂದ ನದಿ ಹರಿಯೋದು ಅಣೆಕಟ್ಟಿನ ಲೆಕ್ಕದಲ್ಲಿ. ಏಪ್ರಿಲ್‌ನಲ್ಲಿ ಹೋಗಿ 'ಇದೇನಾ ಜೋಗ' ಅನ್ನಬೇಡಿ. ಆಗಸ್ಟ್, ಸೆಪ್ಟೆಂಬರ್ ಸರಿಯಾದ ಹೊತ್ತು. ಆಗಲೂ ಮಂಜು ಮುಚ್ಚಿಕೊಂಡರೆ ಅರ್ಧ ಗಂಟೆ ಸದ್ದು ಮಾತ್ರ ಕೇಳುತ್ತಾ ನಿಂತಿರಬೇಕು. ಕಾಯಿರಿ, ಸರಿಯುತ್ತೆ.

ನನಗೆ ಸಾಗರ ಇಷ್ಟವಾಗಿದ್ದು ಜೋಗದಿಂದಲ್ಲ, ಆರೇಳು ಕಿಲೋಮೀಟರ್ ಸುತ್ತಳತೆಯಲ್ಲಿ ಸಿಗೋ ಸಣ್ಣ ಜಾಗಗಳಿಂದ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಆಟೋದಲ್ಲೇ ಹೋಗಿಬರಬಹುದು. ಒಳಗೆ ನೆಲದ ಮೇಲೆ ಕಣ್ಣಿಟ್ಟು ನಡೀರಿ. ಅಡ್ಡಬಿದ್ದು ನಮಸ್ಕಾರ ಮಾಡುತ್ತಿರುವ ಕೆಳದಿ ಅರಸರನ್ನು ನೆಲಗಲ್ಲಿನಲ್ಲೇ ಕೆತ್ತಿದ್ದಾರೆ. ದೇವರ ಮುಂದೆ ಎಲ್ಲರೂ ತುಳಿದು ಹೋಗಲಿ ಅಂತ ರಾಜರೇ ಹೀಗೆ ಮಲಗಿರೋದನ್ನು ಬೇರೆಲ್ಲೂ ನಾನು ಕಂಡಿಲ್ಲ. ಕೆಳದಿಯ ರಾಮೇಶ್ವರದಲ್ಲಿ ತಲೆ ಎತ್ತಬೇಕು, ಅಲ್ಲಿ ಗಂಡಭೇರುಂಡ ಇರೋದು ಛಾವಣಿಯಲ್ಲಿ. ಇಕ್ಕೇರಿಯ ಪಕ್ಕದಲ್ಲೇ ವರದಾಮೂಲ. ವರದಾ ನದಿ ಹುಟ್ಟುವ ಜಾಗ, ಒಂದು ಸಣ್ಣ ಕೊಳ, ಅಷ್ಟೇ. ಈ ನದಿಯನ್ನು ನೆನಪಿಟ್ಟುಕೊಳ್ಳಿ, ಶಿರಸಿ ಹತ್ತಿರ ಮತ್ತೆ ಸಿಗುತ್ತೆ.

ಇನ್ನೊಂದು ದಿಕ್ಕಿಗೆ ಹೆಗ್ಗೋಡು. 1949ರಲ್ಲಿ ಶುರುವಾದ ನೀನಾಸಂ ಇರೋದು ಇಲ್ಲಿ. ಕೆ.ವಿ. ಸುಬ್ಬಣ್ಣನವರು ಕಟ್ಟಿದ್ದು. ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ತೋಟದ ನಡುವೆ ಒಂದು ರಂಗಮಂದಿರ. ನಾಟಕ ಇರೋ ದಿನ ನೋಡಿಕೊಂಡು ಹೋದರೆ ಮಲೆನಾಡಿನ ರಾತ್ರಿ ಬೇರೆಯೇ ಥರ ಕಾಣುತ್ತೆ. ಹತ್ತಿರದಲ್ಲೇ ಚರಕದವರ ಕೈಮಗ್ಗ ಇದೆ. ಅಡಿಕೆ ಚೊಗರು (ಅಡಿಕೆ ಬೇಯಿಸಿದ ನೀರು), ಹಲಸು, ದಾಳಿಂಬೆ ಸಿಪ್ಪೆ ಇಂಥವುಗಳಿಂದ ಬಣ್ಣ ಹಾಕಿದ ಬಟ್ಟೆ. ನಾನು ಕೊಂಡ ಒಂದು ಜುಬ್ಬ ಏಳು ವರ್ಷದಿಂದ ಒಗೆತ ತಿನ್ನುತ್ತಿದೆ. ಬಣ್ಣ ಸ್ವಲ್ಪ ಮಾಸಿದೆ, ಬಟ್ಟೆ ಹಾಗೇ ಇದೆ.

ಸಿಗಂದೂರಿನ ಕಥೆ ಈಗ ಪೂರ್ತಿ ಬದಲಾಗಿದೆ. ಹಳೇ ಲೇಖನ ಓದಿಕೊಂಡು ಹೋಗಬೇಡಿ. ಶರಾವತಿ ಹಿನ್ನೀರು ದಾಟೋಕೆ ಮೊದಲು ಲಾಂಚೇ ಗತಿ. ಬಸ್ಸು, ಕಾರು, ಬೈಕು, ಜನ ಎಲ್ಲ ಒಟ್ಟಿಗೆ ಅದರ ಮೇಲೆ. ರಜೆ ದಿನ ಹೋದರೆ ಸರತಿಯಲ್ಲೇ ಅರ್ಧ ದಿನ. ಸಂಜೆ ಆದ ಮೇಲೆ ಆಚೆ ದಡದವರು ಆಚೆಗೆ, ಈಚೆಯವರು ಈಚೆಗೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆಯಿತು. ಸುಮಾರು 2.4 ಕಿ.ಮೀ. ಉದ್ದ. ಈಗ ಸಾಗರದಿಂದ ನೇರ ಹೋಗಿ ಮಧ್ಯಾಹ್ನಕ್ಕೆ ವಾಪಸ್ ಬರಬಹುದು. ಲಾಂಚ್ ಮೇಲೆ ನಿಂತು ಗಾಳಿಗೆ ಮುಖ ಕೊಡೋ ಖುಷಿ ಹೋಯ್ತು ಅಂತ ನಮ್ಮಂಥ ಟೂರಿಸ್ಟುಗಳು ಅಲವತ್ತುಕೊಳ್ಳುತ್ತೇವೆ. ಆಚೆ ದಡದ ತುಮರಿ ಕಡೆಯವರ ಮುಂದೆ ಹಾಗನ್ನಬೇಡಿ. ಅರವತ್ತು ವರ್ಷ ರಾತ್ರಿ ಹೆರಿಗೆ ನೋವು ಬಂದರೆ ನೀರು ನೋಡುತ್ತಾ ಕೂತವರು ಅವರು.

ಸಂಜೆಗೆ ಸಾಗರದಲ್ಲಿ ಏನಿದೆ? ನಿಜ ಹೇಳಬೇಕೆಂದರೆ ಸ್ವಲ್ಪ ಕಮ್ಮಿ. ಗಣಪತಿ ಕೆರೆ ಸುತ್ತ ಒಂದು ರೌಂಡು. ಗುಡಿಗಾರರ ಅಂಗಡಿಗಳಲ್ಲಿ ಶ್ರೀಗಂಧದ ಕೆತ್ತನೆ ನೋಡಬಹುದು. ಬೆರಳಿನುದ್ದದ ಗಣಪತಿಯ ಹೊಟ್ಟೆಗೆ ಸುತ್ತಿದ ಹಾವಿನ ಮೇಲಿನ ಗೀರುಗಳನ್ನೂ ಎಣಿಸಬಹುದು, ಅಷ್ಟು ಸಣ್ಣ ಕೆಲಸ. ಪೇಟೆ ಎಂಟೂವರೆಗೆ ಮಲಗೋಕೆ ತಯಾರಾಗುತ್ತೆ.

ಶಿರಸಿ: ಸಂಜೆ ಇಲ್ಲಿ ಚೆಂದ

ಶಿರಸಿಗೆ ರೈಲಿಲ್ಲ. ಹುಬ್ಬಳ್ಳಿಯಿಂದ ಬಸ್ಸಲ್ಲಿ 100 ಕಿ.ಮೀ. ಹತ್ತಿರ. ಕರಾವಳಿ ಕಡೆಯಿಂದ ಬರೋರು ಕುಮಟಾದಲ್ಲಿ ಇಳಿದು ದೇವಿಮನೆ ಘಟ್ಟ ಹತ್ತಿ ಬರುತ್ತಾರೆ, ಸುಮಾರು 60 ಕಿ.ಮೀ. ಮಳೆಗಾಲದಲ್ಲಿ ಆ ದಾರಿಯಲ್ಲಿ ಧರೆ ಕುಸಿಯೋದು ಹೊಸದೇನಲ್ಲ. ಹೊರಡುವ ಮುನ್ನ ರಸ್ತೆ ತೆರೆದಿದೆಯಾ ಅಂತ ಕೇಳಿಕೊಳ್ಳಿ. ಬೆಂಗಳೂರಿನಿಂದ ರಾತ್ರಿ ಬಸ್ಸುಗಳಿವೆ, 400 ಕಿ.ಮೀ. ಅಂದುಕೊಳ್ಳಿ.

ಇಷ್ಟು ಕಷ್ಟಪಟ್ಟು ಯಾಕೆ ಬರಬೇಕು? ಪೇಟೆಗಾಗಿ. ಮೂರರಲ್ಲಿ ದೊಡ್ಡ ಪೇಟೆ ಇದು. ತೋಟಗಾರ್ಸ್ ಸೇಲ್ ಸೊಸೈಟಿ, ಅಂದರೆ ಟಿ.ಎಸ್.ಎಸ್., ಶುರುವಾಗಿದ್ದು 1923ರಲ್ಲಿ. ಅಡಿಕೆ ಬೆಳೆಗಾರರೇ ಸೇರಿ ಕಟ್ಟಿಕೊಂಡ ಸಹಕಾರಿ ಸಂಸ್ಥೆ. ಈಗ ಅದರದೇ ಸೂಪರ್ ಮಾರ್ಕೆಟ್ ಇದೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ಮಂಡಿ ಕಡೆ ಬೆಳಿಗ್ಗೆ ಹೋಗಿ ನೋಡಿ. ಗೋಣಿಚೀಲಗಳ ಸಾಲು, ನೆಲದ ಮೇಲೆ ಗುಡ್ಡೆ. ವ್ಯಾಪಾರಿ ಒಂದು ಚಾಲಿ ಅಡಿಕೆ ಎತ್ತಿ, ಅಡಕತ್ತರಿಯಲ್ಲಿ ಎರಡು ಸೀಳಿ, ಒಳಗಿನ ಬಣ್ಣ ನೋಡಿ ಮಾತಾಡದೆ ಮುಂದಿನ ಗುಡ್ಡೆಗೆ ಹೋಗುತ್ತಾನೆ. ಪಕ್ಕದಲ್ಲಿ ನಿಂತ ಬೆಳೆಗಾರ ನೋಡೋದು ಅಡಿಕೆಯನ್ನಲ್ಲ, ಅವನ ಮುಖವನ್ನು. ಚಾಲಿ ಅಂದರೆ ಬೇಯಿಸದೆ ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿದ ಬಿಳಿ ಅಡಿಕೆ. ರಾಶಿ ಅಂದರೆ ಹಸಿಯಲ್ಲೇ ಸುಲಿದು ಬೇಯಿಸಿದ ಕೆಂಪಡಿಕೆ. ಇಷ್ಟು ಗೊತ್ತಿದ್ದರೆ ಹೋಟೆಲಲ್ಲಿ ಪಕ್ಕದ ಟೇಬಲಿನ ಮಾತು ಅರ್ಥವಾಗುತ್ತೆ. ಅಲ್ಲಿ ಬೇರೆ ಮಾತೇ ಇರಲ್ಲ.

ಸಂಜೆ ಮಾರಿಕಾಂಬಾ ದೇವಸ್ಥಾನದ ಕಡೆ ನಡೆದು ಹೋಗಿ. 1688ರಷ್ಟು ಹಳೇ ದೇವಸ್ಥಾನ. ಗೋಡೆಯ ಮೇಲಿನ ಕಾವಿ ಚಿತ್ರಗಳನ್ನು ತಪ್ಪಿಸಬೇಡಿ. ವಾಪಸ್ ಬರುವಾಗ ಎಲ್ಲಾದರೂ ಬನ್ಸ್–ಭಾಜಿ. ಕದಂಬ ಮಾರ್ಕೆಟಿಂಗ್‌ನಂಥ ಸಹಕಾರಿ ಮಳಿಗೆಗಳಲ್ಲಿ ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಹುಳಿ, ತೊಡದೇವು ಸಿಗುತ್ತೆ. ತೊಡದೇವು ಪ್ಯಾಕೆಟಲ್ಲಿ ಕೊಂಡರೆ ಏನೂ ತಿಳಿಯಲ್ಲ. ಮಾಡೋದನ್ನು ನೋಡಬೇಕು. ಒಲೆ ಮೇಲೆ ಗಡಿಗೆ ಬೋರಲು ಹಾಕಿರುತ್ತಾರೆ. ಕಬ್ಬಿನಹಾಲಲ್ಲಿ ಕಲಸಿದ ಅಕ್ಕಿಹಿಟ್ಟಿಗೆ ಬಟ್ಟೆ ಅದ್ದಿ, ಕಾದ ಗಡಿಗೆಯ ಬೆನ್ನಿಗೆ ಒಂದೇ ಎಳೆತ. ಚುರ್ ಅನ್ನುತ್ತೆ. ಅಂಚು ಏಳುತ್ತಿದ್ದಂತೆ ಕಾಗದದ ಹಾಗೆ ಬಿಡಿಸಿ ಮಡಚಿಬಿಡಬೇಕು. ಎರಡು ಸೆಕೆಂಡ್ ತಡವಾದರೆ ಪುಡಿ. ಆಲೆಮನೆ ನಡೆಯುವ ಜನವರಿ, ಫೆಬ್ರವರಿಯಲ್ಲಿ ಹೋದರೆ ಬಿಸಿ ಬೆಲ್ಲದ ಜೊತೆಗೆ ಇದೂ ಸಿಗಬಹುದು.

ಸುತ್ತಾಡೋ ಜಾಗಗಳಿಗೆ ಬರೋಣ. ಸಹಸ್ರಲಿಂಗ, ಸೋಂದಾ ಒಂದೇ ದಿಕ್ಕಿಗೆ, ಅರ್ಧ ದಿನ ಸಾಕು. ಶಾಲ್ಮಲಾ ನದಿಯ ಬಂಡೆಗಳಲ್ಲೆಲ್ಲ ಲಿಂಗ ಕೆತ್ತಿದ್ದಾರೆ. ಮಳೆಗಾಲದಲ್ಲಿ ಎಲ್ಲ ನೀರೊಳಗೆ. ನವೆಂಬರ್ ಮೇಲೆ ಹೋಗಿ. ಉಂಚಳ್ಳಿ ಜಲಪಾತ ಹೆಗ್ಗರಣೆ ದಾಟಿ ಹೋಗಬೇಕು. ಅಘನಾಶಿನಿ ಅಲ್ಲಿ 116 ಮೀಟರ್ ಧುಮುಕುತ್ತೆ. ಸದ್ದಿಗೆ ಕಿವಿ ಕೆಪ್ಪಾಗುತ್ತೆ ಅಂತ ಊರಿನವರು ಕರೆಯೋದು ಕೆಪ್ಪಜೋಗ. ಅಲ್ಲಿಗೆ ಸ್ವಂತ ಗಾಡಿ ಬೇಕು. ಯಾಣಕ್ಕೂ ಅಷ್ಟೇ. ಎಲ್ಲಾಪುರ ಕಡೆಯ ಮಾಗೋಡು, ಸಾತೊಡ್ಡಿ ಎರಡನ್ನೂ ಸೇರಿಸಿದರೆ ಇಡೀ ದಿನ ಹೋಗುತ್ತೆ. ಇವೆಲ್ಲ ಕಾರಿನ ಲೆಕ್ಕ. ಬಸ್ಸಲ್ಲಿ ಹೋಗಿ ಸುಸ್ತಾಗಿ ಶಿರಸಿಯನ್ನು ಬೈಯಬೇಡಿ.

ಬಸ್ಸಲ್ಲಿ ಆರಾಮಾಗಿ ಹೋಗಬಹುದಾದ್ದು ಬನವಾಸಿ, 23 ಕಿ.ಮೀ. ಇರಬಹುದು. ಮಧುಕೇಶ್ವರ ದೇವಸ್ಥಾನ, ಅದರೊಳಗಿನ ಕಲ್ಲಿನ ಮಂಚ, ಹೊರಗೆ ಅದೇ ವರದಾ ನದಿ. ಸಾಗರದ ಹತ್ತಿರ ಕೊಳವಾಗಿದ್ದದ್ದು ಇಲ್ಲಿ ಊರನ್ನು ಮೂರು ಕಡೆ ಸುತ್ತುವ ಹೊಳೆ. ಒಂದು ಸಲ ಅದರ ದಂಡೆಯಲ್ಲಿ ಕೂತು ಹೊತ್ತು ಮರೆತೆ. ಬಸ್ ಸ್ಟ್ಯಾಂಡಿಗೆ ಬಂದಾಗ ದೀಪ ಹತ್ತಿತ್ತು, ಬಸ್ಸಿರಲಿಲ್ಲ. ಕಡೇ ಬಸ್ ಕೇಳಿಕೊಂಡಿರಲಿಲ್ಲ, ತಪ್ಪು ನಂದೇ. ಕೊನೆಗೆ ಅನಾನಸ್ ತುಂಬಿದ ಟೆಂಪೋದವನೊಬ್ಬ ನಿಲ್ಲಿಸಿದ. "ಬಸ್ಸು ಹೋಯ್ತು ಮಾರಾಯ್ರೆ. ಹತ್ತಿ, ಶಿರಸಿಗೇ ಹೋಗೂದು" ಅಂದ. ದುಡ್ಡು ತಗೊಳ್ಳಲಿಲ್ಲ. ಅಂಗಿಗೆ ಎರಡು ದಿನ ಅನಾನಸ್ ವಾಸನೆ ಇತ್ತು. ಬನವಾಸಿ ಸುತ್ತ ಅನಾನಸ್ ಎಷ್ಟು ಬೆಳೀತಾರೆ ಅಂತ ನನಗೆ ಗೊತ್ತಾಗಿದ್ದು ಆವತ್ತೇ.

ಶಿರಸಿಯ ಒಂದು ತೊಂದರೆ ಅಂದರೆ ಜಾತ್ರೆ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷ, ಫೆಬ್ರವರಿ–ಮಾರ್ಚ್ ಹೊತ್ತಿಗೆ. ಬಿಡಕಿಬೈಲಲ್ಲಿ ದೇವಿಯನ್ನು ಕೂರಿಸಿದ ಆ ಎಂಟು ದಿನ ಊರಲ್ಲಿ ಕಾಲಿಡೋಕೆ ಜಾಗವಿರಲ್ಲ. ಜಾತ್ರೆ ನೋಡೋಕೇ ಹೋಗೋದಾದರೆ ತಿಂಗಳುಗಟ್ಟಲೆ ಮೊದಲೇ ರೂಮ್ ಹಿಡೀರಿ. ಜಲಪಾತ ನೋಡೋಕೆ ಹೋಗೋದಾದರೆ ಆ ವಾರ ಬಿಟ್ಟುಬಿಡಿ. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ ಇರುತ್ತೆ. ನನ್ನ ಕೇಳಿದರೆ ಅದಕ್ಕೆ ಹೋಗೋದೇ ವಾಸಿ. ಬೆನ್ನಿಗೆ ನವಿಲುಗರಿ ಕಟ್ಟಿಕೊಂಡ ವೇಷ, ತಮಟೆ, ರಾತ್ರಿಯಿಡೀ ಬೀದಿಯಲ್ಲಿ ಕುಣಿತ. ಸಾಗರದಲ್ಲೂ ಮಾರಿಕಾಂಬಾ ಜಾತ್ರೆ ಇದೆ. ಅದು ಮೂರು ವರ್ಷಕ್ಕೊಮ್ಮೆ, 2020, 2023 ಹೀಗೆ.

ತೀರ್ಥಹಳ್ಳಿ: ಎರಡು ರಾತ್ರಿಗೆ ಸಾಕು, ಆದರೆ ಮಳೆಯಲ್ಲಿ

ಇದು ಹೊಳೆಯ ಊರು. ತುಂಗೆ ಊರೊಳಗೇ ಹರಿಯುತ್ತಾಳೆ. ಪರಶುರಾಮ ಕೊಡಲಿ ತೊಳೆದ ಜಾಗ ಅನ್ನೋದು ನಂಬಿಕೆ. ಎಳ್ಳಮಾವಾಸ್ಯೆಗೆ ಜಾತ್ರೆ. ಸಂಜೆ ರಾಮೇಶ್ವರ ದೇವಸ್ಥಾನದ ಹಿಂದೆ ಬಂಡೆಗಳ ಮೇಲೆ ಕೂತರೆ ಸಾಕು, ಬೇರೆ ಕಾರ್ಯಕ್ರಮ ಬೇಡ. ಜುಲೈಯಲ್ಲಿ ಆ ಬಂಡೆಗಳು ಕಾಣಲ್ಲ. ಸೇತುವೆ ಮೇಲೆ ಛತ್ರಿ ಹಿಡಿದು ನಿಂತು ಕೆಂಪು ನೀರು ನೋಡಬೇಕು. ಊರಿನವರೂ ಅದನ್ನೇ ಮಾಡುತ್ತಾರೆ. "ನಿನ್ನೆಗಿಂತ ಇವತ್ತು ಏರಿದೆ" ಅನ್ನೋದು ಮಾತಿನ ಶುರು.

ಕುಪ್ಪಳಿ 18 ಕಿ.ಮೀ. ಆಗುತ್ತೆ. ಕುವೆಂಪು ಅವರ ಕವಿಮನೆ, ಮೇಲೆ ಕವಿಶೈಲ. ಬೆಳಿಗ್ಗೆ ಬೇಗ ಹೋಗಿ, ಟೂರಿಸ್ಟ್ ಬಸ್ಸು ಬರೋ ಮುಂಚೆ. ಕವಲೇದುರ್ಗ ಕೋಟೆಗೆ ಗದ್ದೆ ಬದುವಿನಿಂದ ಶುರುವಾಗಿ ಕಲ್ಲು ಹಾಸಿನ ದಾರಿಯಲ್ಲಿ ಹತ್ತಬೇಕು. ಮಳೆಯಲ್ಲಿ ಜಾರುತ್ತೆ, ಚಪ್ಪಲಿಯಲ್ಲಿ ಹೋಗಬೇಡಿ. ಆಗುಂಬೆ 30 ಕಿ.ಮೀ. ಚಿಲ್ಲರೆ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಊರಿಗೆ ಜುಲೈಯಲ್ಲಿ ಹೋಗಿ ಸೂರ್ಯಾಸ್ತ ಎಲ್ಲಿ ಅಂತ ಕೇಳೋರನ್ನು ನೋಡಿದ್ದೇನೆ. ಸೂರ್ಯಾಸ್ತ ಬೇಕಾದರೆ ನವೆಂಬರ್‌ನಿಂದ ಜನವರಿ. ಮಳೆ ಬೇಕಾದರೆ ಮಳೆಯನ್ನೇ ನೋಡಿ. ಕುಂದಾದ್ರಿಯನ್ನೂ ಅದೇ ದಿನ ಸೇರಿಸಬಹುದು. ಗುಡ್ಡದ ತುದಿಯಲ್ಲಿ ಜೈನ ಬಸದಿ, ಪಕ್ಕದಲ್ಲೇ ಕೊಳ.

ರೈಲಿಗೆ ಶಿವಮೊಗ್ಗವೇ ಹತ್ತಿರ, 60 ಕಿ.ಮೀ. ಅಲ್ಲಿಂದ ಬಸ್ಸು ಜಾಸ್ತಿ, ಆದರೆ ಬಹುತೇಕ ಖಾಸಗಿ. ಹೆಂಗಸರು ಇದನ್ನು ಗಮನಿಸಬೇಕು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ನಡೆಯೋದು ಸರ್ಕಾರಿ ಬಸ್ಸಲ್ಲಿ ಮಾತ್ರ. ಶಿರಸಿಯಲ್ಲಿ ವಾಯವ್ಯ ಸಾರಿಗೆಯ ಕೆಂಪು ಬಸ್ಸುಗಳು ಹಳ್ಳಿಗಳಿಗೂ ಓಡುತ್ತವೆ, ನನ್ನ ಅಕ್ಕ ಆಧಾರ್ ಕಾರ್ಡ್ ತೋರಿಸಿಕೊಂಡೇ ನಾಲ್ಕು ದಿನ ಸುತ್ತಿದಳು. ತೀರ್ಥಹಳ್ಳಿ ಕಡೆ ಪರ್ಸ್ ತೆಗೆಯಲೇಬೇಕಾಯ್ತು. ಖಾಸಗಿ ಬಸ್ಸಿನವರದು ಒಂದು ಗುಣ, ಕೈ ಅಡ್ಡ ಹಿಡಿದಲ್ಲಿ ನಿಲ್ಲಿಸುತ್ತಾರೆ.

ಹೋಮ್‌ಸ್ಟೇ ಬೇಡವಾ ಹಾಗಾದರೆ?

ಬೇಡ ಅಂತಲ್ಲ. ತೋಟದ ಮನೆಯ ಊಟಕ್ಕೆ ಪೇಟೆ ಹೋಟೆಲ್ ಸಾಟಿಯಲ್ಲ. ತಂಬುಳಿ, ಅಪ್ಪೆಹುಳಿ, ಬಾಳೆಲೆ ಮೇಲೆ ತೆಳ್ಳೇವು. ಆದರೆ ತೋಟದ ಮನೆಯಲ್ಲಿ ಇದ್ದರೆ ಅಲ್ಲೇ ಇರಬೇಕು. ಸುತ್ತಾಡೋಕೆ ಹೊರಟರೆ ಪ್ರತಿ ಸಲ ಮಣ್ಣು ರಸ್ತೆ ಇಳಿದು ಬರಬೇಕು. ಊಟದ ಹೊತ್ತಿಗೆ ಅಮ್ಮ ಕಾಯುತ್ತಾ ಕೂತಿರುತ್ತಾರೆ ಅಂತ ಮನಸ್ಸಲ್ಲೇ ಕಸಿವಿಸಿ. ನಾನು ಮೂರು ರಾತ್ರಿ ಪೇಟೆಯಲ್ಲಿ ಕಳೆದು, ಕೊನೇ ರಾತ್ರಿ ಮಾತ್ರ ತೋಟದ ಮನೆಗೆ ಹೋಗುತ್ತೇನೆ. ಸುಸ್ತಾಗಿರುತ್ತೆ, ಎಲ್ಲಿಗೂ ಹೋಗಬೇಕು ಅನ್ನಿಸಲ್ಲ. ಸರಿಹೋಗುತ್ತೆ.

ಪೇಟೆ ಲಾಡ್ಜಿನಲ್ಲಿ ರೂಮ್ ಕೇಳುವಾಗ ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಕೇಳಿ. ಒಂದು ಕಡೆ '24 ಗಂಟೆ' ಅಂದರು. ಬೆಳಿಗ್ಗೆ ಎಂಟಕ್ಕೆ ನಲ್ಲಿ ತಿರುಗಿಸಿದರೆ ತಣ್ಣೀರು. ಕೆಳಗೆ ಹೋಗಿ ಕೇಳಿದೆ. "ಆರರಿಂದ ಏಳೂವರೆ ಸಾರ್, ಆಮೇಲೆ ಸೋಲಾರು" ಅಂದ ಹುಡುಗ. ಹೊರಗೆ ಜಡಿಮಳೆ. ಬಸ್ ಸ್ಟ್ಯಾಂಡಿಗೆ ತೀರಾ ಅಂಟಿಕೊಂಡ ರೂಮೂ ಬೇಡ. ಬೆಳಿಗ್ಗೆ ನಾಲ್ಕೂವರೆಗೇ ಹಾರ್ನ್ ಶುರು.

ಹಾಗಾದರೆ ಯಾರಿಗೆ ಯಾವುದು

ಮೊದಲ ಸಲ ಹೋಗುತ್ತಿದ್ದೀರಿ, ಕಾರಿಲ್ಲ, ಜೊತೆಗೆ ವಯಸ್ಸಾದವರು ಇದ್ದಾರೆ ಅಂದರೆ ಕಣ್ಣು ಮುಚ್ಚಿಕೊಂಡು ಸಾಗರ. ರೈಲಲ್ಲಿ ಮಲಗಿಕೊಂಡು ಬರಬಹುದು, ಜಾಗಗಳೆಲ್ಲ ಹತ್ತಿರ, ಆಟೋದಲ್ಲೇ ಅರ್ಧ ಮುಗಿಯುತ್ತೆ.

ಕಾರಿದೆ, ನಾಲ್ಕು ದಿನ ಇದೆ, ತಿನ್ನೋ ಆಸೆ ಇದೆ ಅಂದರೆ ಶಿರಸಿ. ಜೋಗವನ್ನೂ ಇಲ್ಲಿಂದಲೇ ಮುಗಿಸಬಹುದು, ಸಿದ್ದಾಪುರದ ಮೇಲೆ 60 ಕಿ.ಮೀ. ಚಿಲ್ಲರೆ ಅನ್ನೋರಿದ್ದಾರೆ. ಆಗುತ್ತೆ, ಆದರೆ ತಿರುವುಗಳ ದಾರಿ. ಮಕ್ಕಳಿಗೆ ವಾಂತಿ ಗ್ಯಾರಂಟಿ. ನಿಂಬೆಹಣ್ಣು ಇಟ್ಟುಕೊಳ್ಳಿ. ಅಂದಹಾಗೆ ಸಿದ್ದಾಪುರವೇ ಎರಡರ ಮಧ್ಯೆ ಇದೆಯಲ್ಲ, ಅಲ್ಲೇ ಉಳಿದರೆ ಅಂತ ಕೇಳಬಹುದು. ಸಣ್ಣ ಊರು, ಸಂಜೆ ಆರಕ್ಕೆ ಮುಗಿಯಿತು. ಚಹಾ ಕುಡಿಯೋಕೆ ಇಳಿಯಿರಿ ಸಾಕು.

ಶನಿವಾರ, ಭಾನುವಾರ ಮಾತ್ರ ಬಿಡುವು, ಮಳೆ ನೋಡಬೇಕು, ಇಬ್ಬರೇ ಹೋಗೋದು ಅಂದರೆ ತೀರ್ಥಹಳ್ಳಿ.

ಮೂರು ಊರಿಗೂ ಸೇರಿದ ಎರಡು ಮಾತು. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ, ಹತ್ತೇ ಹತ್ತುತ್ತೆ. ಕಿತ್ತೆಳೆಯಬೇಡಿ, ಉಪ್ಪು ಹಾಕಿ, ತಾನೇ ಬೀಳುತ್ತೆ. ಅದರಿಂದ ಭಯವೇನಿಲ್ಲ. ಭಯ ಇರಬೇಕಾದ್ದು ಬೇಸಿಗೆಯ ಉಣ್ಣೆ ಹುಳಕ್ಕೆ. ಅದು ಕಚ್ಚಿದರೆ ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ಈ ಸೀಮೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ ತರಗೆಲೆ ಬಿದ್ದ ಕಾಡಿನೊಳಗೆ ಹೋಗುವ ಮುನ್ನ ಊರಿನವರನ್ನು ಕೇಳಿ. ಮಂಗ ಸತ್ತಿದೆ ಅಂದ ಕಡೆಗೆ ಹೋಗಲೇಬೇಡಿ. ಉದ್ದ ಪ್ಯಾಂಟು, ಉದ್ದ ತೋಳು. ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಲಾಡ್ಜಿನ ಹುಡುಗನ ಹತ್ತಿರ ಗಂಟೆ ಕೇಳಿಕೊಂಡಿರಿ ಅಂದಿದ್ದು ಅದಕ್ಕೂ ಸೇರಿಸಿ.